ಬಚ್ಚಲಲ್ಲಿ ಊದುಬತ್ತಿ ಹಚ್ಚುತ್ತಿದ್ದಾತ

ಆತನಿಗೆ ಎಡಗಣ್ಣಿನ ಮೇಲೆ ಹುಬ್ಬು ಇರಲಿಲ್ಲ. ಯಾವುದೋ ಹೋಟೆಲಿನ ಬಾಯ್ಲರ್ ಹೊತ್ತಿಸಲು ಹೋದಾಗ ಬೆಂಕಿ ಮುಖದೆದುರೇ ಭಗ್ಗೆಂದಿತಂತೆ. ಅಂದು ಸುಟ್ಟ ಹುಬ್ಬು ಮತ್ತೆ ಮೂಡಲಿಲ್ಲ. ಆ ಜಾಗದ ಚರ್ಮ ನುಣುಪಾಗಿ ಹೊಳೆಯುತ್ತಿತ್ತು. ಸಿಟ್ಟು ಬಂದರೆ ಮುಖದಲ್ಲಿ ಮೊದಲು ಕೆಂಪಾಗುತ್ತಿದ್ದುದು ಅದೇ. ಸಿಟ್ಟು ಬಾರದ ದಿನವೇ ಇಲ್ಲವಾದ್ದರಿಂದ, ಅದರ ಸಹಜ ಬಣ್ಣ ಯಾವುದೆಂದು ಖಚಿತವಾಗಿ ಹೇಳಲಾರೆ.

ಸಾಗರದಲ್ಲಿ ಗೀಸರ್, ಫ್ರಿಜ್, ಏಸಿಗಳನ್ನು ರಿಪೇರಿ ಮಾಡುತ್ತಿದ್ದ ಆತನ ಬಗ್ಗೆ ಬರೆಯಲು ಕುಳಿತದ್ದು ಕೇವಲ ಪ್ರೀತಿಯಿಂದಲ್ಲ. ಕೋಣಂದೂರಿನ ಒಂದು ಮನೆಯಲ್ಲಿ ಹೋದ ಜೀವಕ್ಕೆ ಆತನೇ ಹೊಣೆ ಎಂದು ಜನ ಹೇಳಿದರು. ಆ ಮಾತು ಸುಳ್ಳು. ಸುಳ್ಳೆಂದು ಬಲ್ಲವರೇ ಅದನ್ನು ಹಬ್ಬಿಸಿದರು. ಆತ ಸತ್ತ ಮೇಲೂ ಬಿಟ್ಟಿಲ್ಲ. ನಾನು ಭೂಮಾಪನ ಇಲಾಖೆಯಲ್ಲಿ ಸರ್ವೆಯರ್ ಆಗಿದ್ದವನು. ಗಡಿಕಲ್ಲನ್ನು ಕಿತ್ತು ತಮಗೆ ಅನುಕೂಲವಾದಲ್ಲಿ ನೆಟ್ಟುಕೊಂಡು, ತಾತನ ಕಾಲದಿಂದಲೂ ಇಲ್ಲೇ ಇತ್ತು ಎಂದು ಆಣೆ ಮಾಡುವವರನ್ನು ಬದುಕಿಡೀ ನೋಡಿದ್ದೇನೆ. ಇದೂ ಅಂಥದೇ ಕೆಲಸ. ಕಲ್ಲನ್ನು ಅದರ ಜಾಗಕ್ಕೆ ತಂದು ನಿಲ್ಲಿಸುವುದು ನನ್ನ ಉದ್ದೇಶ.

ಆತ ಒಳ್ಳೆಯ ಮಾತಿನವನಾಗಿರಲಿಲ್ಲ. ಹೊಸನಗರದ ಕಡೆಯ ಹಳ್ಳಿಯವನು. ಸಾಗರದ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಅಂಗಡಿ. ತೀರ್ಥಹಳ್ಳಿಯವರೆಗೂ ಸ್ಕೂಟರಿನಲ್ಲಿ ಓಡಾಟ. ಕೆಲಸ ಮುಗಿಯುವ ತನಕ ಕಾಫಿ ಮುಟ್ಟುತ್ತಿರಲಿಲ್ಲ, ಮುಗಿದ ಮೇಲೆ ಕೇಳಿ ಕುಡಿಯುತ್ತಿದ್ದ, ಕುಡಿದಾದ ಮೇಲೆ ಡಿಕಾಕ್ಷನ್ ತೆಳುವಾಯಿತೆಂದು ಹೇಳದೆ ಹೋಗುತ್ತಿರಲಿಲ್ಲ. ಬೇಸಗೆಯ ಸೆಕೆ ತಡೆಯಲಾರದೆ ನಾನು ಮಲಗುವ ಕೋಣೆಗೆ ಏಸಿ ಹಾಕಿಸಿದ್ದೆ. ಅದು ತಂಪಾಗುತ್ತಿಲ್ಲವೆಂದು ಕರೆಸಿದಾಗ, ಪಡುವಣ ಗೋಡೆಯ ಬಿಸಿಲಿಗೆ ಕೂರಿಸಿದ್ದ ಹೊರಗಿನ ಪೆಟ್ಟಿಗೆಯನ್ನು ನೋಡಿ, ಮನೆಗೆ ಬಂದಿದ್ದ ನೆಂಟರ ಎದುರೇ ಆತ ಅಂದದ್ದು ಇದು: “ಸರ್ವೆಯರ್ರೇ, ಊರಿಡೀ ಚೈನು ಎಳ್ದಿದ್ದೀರಿ. ಸೂರ್ಯ ಯಾವ ಕಡೆ ಮುಳುಗ್ತಾನೆ ಅಂತ ನಿಮ್ಗೆ ಯಾರೂ ಹೇಳ್ಲೇ ಇಲ್ವ?”

ನೆಂಟರು ನಕ್ಕರು. ಯಾರು ಯಾರು ನಕ್ಕರೆಂಬುದೂ ನನಗೆ ನೆನಪಿದೆ.

ಆತನಿಗೆ ತಪ್ಪು ಆಗುತ್ತಿರಲಿಲ್ಲವೆಂದಲ್ಲ. ಅದೇ ಏಸಿಯಿಂದ ನೀರು ಒಳಗೆ ತೊಟ್ಟಿಕ್ಕತೊಡಗಿದಾಗ, ಕೂರಿಸಿದ್ದೇ ಓರೆಯಾಗಿದೆಯೆಂದು ಗೋಡೆಯಿಂದ ಇಳಿಸಿ ಮತ್ತೆ ಏರಿಸಿದ. ನೀರು ನಿಲ್ಲಲಿಲ್ಲ. ಕೊನೆಗೆ ನಾನೇ ನೀರು ಹೊರಹೋಗುವ ಪೈಪಿಗೆ ತಂತಿ ತೂರಿಸಿದಾಗ ಕುಂಬಾರ ಹುಳ ಕಟ್ಟಿದ ಮಣ್ಣಿನ ಉಂಡೆ ಉದುರಿತು. ಅಂಗಡಿಗೇ ಹೋಗಿ ವಿಷಯ ತಿಳಿಸಿದೆ. ತಪ್ಪಾಯಿತು ಎಂಬ ಒಂದು ಪದ ಆತನ ಬಾಯಲ್ಲಿ ಬರಲಿಲ್ಲ. “ಹುಳನೂ ನಾನೇ ಸಾಕಿದ್ದಾ?” ಎಂದ.

ಹೀಗಿದ್ದೂ ಆತನನ್ನೇ ಕರೆಸುತ್ತಿದ್ದೆವು. ಯಾಕೆಂದರೆ ಹೊಸದು ಕೊಳ್ಳಿ ಎಂದು ಆತ ಸುಮ್ಮನೆ ಹೇಳುತ್ತಿರಲಿಲ್ಲ. ಹೇಳಿದರೆ ಹಳೆಯದನ್ನು ಬಿಚ್ಚಿ, ಸವೆದ ಭಾಗವನ್ನು ನಮ್ಮ ಕೈಯಲ್ಲಿಟ್ಟೇ ಹೇಳುತ್ತಿದ್ದ.

ಗ್ಯಾಸ್ ಗೀಸರಿನ ವಿಷಯದಲ್ಲಿ ಮಾತ್ರ ಆತನ ಕ್ರಮ ಬೇರೆ. ಯಂತ್ರವನ್ನು ಮೊದಲು ಮುಟ್ಟುತ್ತಲೇ ಇರಲಿಲ್ಲ. ಸಿಲಿಂಡರ್ ಬಂದ್ ಮಾಡಿ, ಮನೆಯವರು ಮೀಯುವಾಗ ಬಾಗಿಲು ಕಿಟಕಿಗಳನ್ನು ಹೇಗೆ ಇಟ್ಟುಕೊಳ್ಳುತ್ತಾರೋ ಹಾಗೆಯೇ ಇಡಿಸಿ, ಬಚ್ಚಲಿನೊಳಗೆ ನಿಂತು ಜೇಬಿನಿಂದ ಊದುಬತ್ತಿ ತೆಗೆದು ಹಚ್ಚುತ್ತಿದ್ದ. ಹೊಗೆ ಯಾವ ಕಡೆ ಹೋಗುತ್ತದೆಂದು ಕತ್ತೆತ್ತಿ ನೋಡುತ್ತಿದ್ದ. ನಮ್ಮ ಮನೆಯಲ್ಲಿ ಮೊದಲ ಸಲ ಹೀಗೆ ನಿಂತಾಗ ನನ್ನ ಹೆಂಡತಿಗೆ ನಗು ತಡೆಯಲಾಗಲಿಲ್ಲ.

“ಎಂತ ಮಾರಾಯ್ರೆ, ಗೀಸರಿಗೆ ಪೂಜೆನಾ?”

“ಹೌದಮ್ಮ. ಈಗ ಇದಕ್ಕೆ ಮಾಡ್ತೀನಿ. ಹೊಗೆ ಹೊರಗೆ ಹೋಗ್ಲಿಲ್ಲ ಅಂದ್ರೆ ಆಮೇಲೆ ನಿಮ್ಮ ಫೋಟೋಕ್ಕೆ ಮಾಡ್ಬೇಕಾಗ್ತದೆ.”

ಬಾಣಂತಿ ಮಗಳು ಬರುವ ಮನೆಯಲ್ಲಿ ಆಡುವ ಮಾತೇ ಇದು? ಅಂದು ಮಧ್ಯಾಹ್ನವೇ ನಮ್ಮ ಮಗಳು ಹಸುಗೂಸಿನೊಂದಿಗೆ ಆಸ್ಪತ್ರೆಯಿಂದ ಬರುವವಳಿದ್ದಳು. ನೀರು ಸಾಕಷ್ಟು ಬಿಸಿಯಾಗುತ್ತಿಲ್ಲವೆಂದು ಆತನನ್ನು ಕರೆಸಿದ್ದೆವು. ಊದುಬತ್ತಿಯ ಹೊಗೆ ಎಲ್ಲಿಗೂ ಹೋಗಲಿಲ್ಲ. ಆತನ ತಲೆಯ ಸುತ್ತಲೇ ಸುತ್ತಿತು. ಆತ ಒಂದು ಮಾತೂ ಕೇಳದೆ ಸ್ಪ್ಯಾನರ್ ತೆಗೆದು, ಗೀಸರನ್ನು ಗೋಡೆಯಿಂದ ಬಿಚ್ಚಿ, ತಂದು ಜಗಲಿಯ ಮೇಲಿಟ್ಟ.

ನಮ್ಮ ಕಡೆಯ ಬಚ್ಚಲುಗಳಲ್ಲಿ ಏನಾಗಿದೆಯೆಂಬುದನ್ನು ಇಲ್ಲಿ ವಿವರಿಸಬೇಕು. ಹಿಂದೆ ಒಲೆಯ ಮೇಲೆ ಹಂಡೆ ಕೂತಿರುತ್ತಿತ್ತು. ಗೋಡೆಗೂ ಮಾಡಿಗೂ ನಡುವೆ ಹೊಗೆ ಹೋಗಲು ಜಾಗ ಬಿಟ್ಟಿರುತ್ತಿದ್ದರು. ಮನೆಗಳನ್ನು ಹೊಸದಾಗಿ ಕಟ್ಟಿಸಿಕೊಂಡಾಗ ಒಲೆ ಹೋಯಿತು, ಹಂಡೆ ಹೋಯಿತು. ಹೊಗೆಯೇ ಇಲ್ಲವಲ್ಲ ಎಂದು ಹೊಗೆಯ ದಾರಿಯನ್ನೂ ಮುಚ್ಚಿಬಿಟ್ಟರು. ಮೇಲೆ ಸ್ಲ್ಯಾಬು, ಸುತ್ತ ಟೈಲ್ಸು, ಹಂಡೆಯಿದ್ದ ಮೂಲೆಯಲ್ಲೇ ಗ್ಯಾಸ್ ಗೀಸರು. ಬೆಂಕಿ ಮಾತ್ರ ಒಳಗೇ ಉಳಿಯಿತು. ಮನೆಯಲ್ಲಿ ಬಾಣಂತಿಯಿದ್ದರಂತೂ ಥಂಡಿಗಾಳಿ ಸೋಕಬಾರದೆಂದು ಕಿಟಕಿಗೆ ಹಲಗೆ, ಬಾಗಿಲ ಸಂದಿಗೆ ಹಳೆಯ ಸೀರೆ. ಹಂಡೆಗಟ್ಟಲೆ ಬಿಸಿನೀರು, ಬಹಳ ಹೊತ್ತಿನ ಮೀಯುವಿಕೆ. ಗಾಳಿಯಿಲ್ಲದಲ್ಲಿ ಉರಿಯುವ ಬೆಂಕಿ ಒಂದು ವಿಷಗಾಳಿಯನ್ನು ಹುಟ್ಟಿಸುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.

ಇದನ್ನೆಲ್ಲ ಆತ ಸಮಾಧಾನದಿಂದ ಹೇಳಿದ್ದರೆ ಕೇಳುತ್ತಿದ್ದೆವು. ಆದರೆ ಆತ ಹೇಳಿದ್ದು, “ಬಾಣಂತಿನ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕ್ತೀರಲ್ಲ, ನಿಮ್ಗೆ ಬುದ್ಧಿ ಉಂಟಾ?” ನನ್ನ ಹೆಂಡತಿ ಅತ್ತಳು, ನಾನು ಕೂಗಾಡಿದೆ. ಆತ ಜಗ್ಗಲಿಲ್ಲ. ಊಟಕ್ಕೂ ಹೋಗದೆ ಹೊರಗೋಡೆಗೆ ಗೀಸರು ಕೂರಿಸಿ, ಬಿಸಿನೀರಿನ ಪೈಪನ್ನಷ್ಟೇ ಒಳಗೆ ತಂದ. ನನ್ನ ಮಗಳು ಆ ಬಾಣಂತನ ಮುಗಿಸಿ, ಕೈಗೂಸನ್ನು ಎತ್ತಿಕೊಂಡು ಗಂಡನ ಮನೆಗೆ ಹೋದಳು. ಆ ಮಗು ಈಗ ಶಾಲೆಗೆ ಹೋಗುತ್ತದೆ. ಆತನ ಬೈಗಳನ್ನು ನಾನು ಮರೆತಿಲ್ಲ. ಈ ಸಂಗತಿಯನ್ನೂ ಮರೆತಿಲ್ಲ.

ಈಗ ಕೋಣಂದೂರಿನ ವಿಷಯ. ಅಲ್ಲಿ ನನ್ನ ಹೆಂಡತಿಯ ಅಣ್ಣನ ಮನೆಯಿದೆ. ನನಗೆ ಅವನು ಭಾವ, ಅವನಿಗೆ ನಾನೂ ಭಾವ. ಭಾವ ಎಂದರೆ ಊರಿನಲ್ಲಿ ನಾಲ್ಕು ಜನ ಎದ್ದು ನಿಲ್ಲುವಂಥ ಕುಳ. ತಾನು ಒಮ್ಮೆ ಆಡಿದ ಮಾತನ್ನು ಹಿಂತೆಗೆದುಕೊಂಡು ಅಭ್ಯಾಸವಿಲ್ಲ. ಹಿರಿಯ ಮಗಳು ಬಾಣಂತನಕ್ಕೆ ಬರುವ ಮುಂಚೆ ಗೀಸರನ್ನು ಸರ್ವಿಸ್ ಮಾಡಿಸಬೇಕೆಂದು ಭಾವ ಕೇಳಿದಾಗ, ನಾನೇ ರಿಪೇರಿಯವನನ್ನು ಕರೆದುಕೊಂಡು ಹೋದೆ. ಹಾಗಾಗಿ ನಡೆದದ್ದಕ್ಕೆ ನಾನು ಕಣ್ಣಾರೆ ಸಾಕ್ಷಿ. ಅಲ್ಲಿಯೂ ಕಿಟಕಿಯ ಎರಡು ಗಾಜುಗಳನ್ನು ಸಂದಿಯಿಲ್ಲದಂತೆ ಗಮ್ ಹಾಕಿ ಕೂರಿಸಿದ್ದರು. ಊದುಬತ್ತಿಯ ಹೊಗೆ ಅಲ್ಲಿಯೂ ಕದಲಲಿಲ್ಲ. ಆತ ಗೀಸರನ್ನು ಬಿಚ್ಚಿ ಅಂಗಳಕ್ಕೆ ತಂದ.

“ಬಾಣಂತಿ ಬರೋ ಮನೇಲಿ ಬಿಸ್ನೀರು ಕಿತ್ತಾಕಿದ್ಯಲ್ಲೋ, ನಿಂಗೆ ಯಾರು ಹೇಳಿದ್ದು?” ಎಂದು ಭಾವ ಎಗರಿ ಬಂದ.

“ಅರ್ಧ ದಿನ ಕೊಡಿ, ಹೊರಗಿನ ಗೋಡೆಗೆ ಹಾಕಿಕೊಡ್ತೀನಿ. ಇಲ್ಲೇ ಬೇಕು ಅಂದ್ರೆ ಗಾಜು ತೆಗೀರಿ. ಎರಡೂ ಆಗಲ್ಲ ಅಂದ್ರೆ ನನ್ನ ಕೈಲಂತೂ ಕೂರ್ಸಲ್ಲ.”

“ಗೋಡೆ ತೂತು ಮಾಡೋಕೆ ನಿಮ್ಮಪ್ಪ ಕಟ್ಸಿದ ಮನೆಯಾ? ನಡಿ ಆಚೆ!”

ನಾವಿಬ್ಬರೂ ಆಚೆ ನಡೆದೆವು. ಅಂದೇ ಸಂಜೆ ಭಾವ ಫೋನು ಮಾಡಿ, ಗೆದ್ದವರ ದನಿಯಲ್ಲಿ ಹೇಳಿದ: “ನಿಮ್ಮ ಆ ಹುಬ್ಬಿಲ್ದವ್ನು ಕಿತ್ತದ್ದನ್ನ ಗೀಸರು ಮಾರಿದ ಅಂಗಡಿಯವ್ರೇ ಬಂದು ಅದೇ ಜಾಗದಲ್ಲಿ ಕೂರ್ಸಿ ಹೋದ್ರು ಭಾವ. ನೀರು ಕೊತಕೊತ ಬರ್ತಾ ಉಂಟು.” ಈ ವಾಕ್ಯವನ್ನು ಓದುವವರು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಅದನ್ನು ಆಡಿದವನೇ ಮುಂದೆ ಆಡಿಲ್ಲವೆಂದ.

ಮಗಳು ಬಂದಳು. ನೀರು ಹಾಕುವ ಹೆಂಗಸು ಬಾರದ ಒಂದು ಬೆಳಗ್ಗೆ ತಾನೇ ಮೀಯಲು ಹೋದಳು. ಬಾಗಿಲ ಸಂದಿಗೆ ಸೀರೆ ತುರುಕಿತ್ತು. ಮಗು ತೊಟ್ಟಿಲಲ್ಲಿ ಅತ್ತು ಅತ್ತು ಸುಸ್ತಾದರೂ ಅವಳು ಹೊರಗೆ ಬರಲಿಲ್ಲ. ಬಾಗಿಲು ಒಡೆದು ಎತ್ತಿಕೊಂಡು ಆಸ್ಪತ್ರೆಗೆ ಒಯ್ಯುವಾಗಲೇ ಎಲ್ಲ ಮುಗಿದಿತ್ತು. ಗೀಸರಿನ ವಿಷಗಾಳಿಯಿಂದ ಹೀಗಾಗಿದೆ ಎಂದು ಡಾಕ್ಟರು ಬಿಡಿಸಿಯೇ ಹೇಳಿದರು. ಆಸ್ಪತ್ರೆಯ ಮೆಟ್ಟಿಲು ಇಳಿಯುವಷ್ಟರಲ್ಲಿ ಆ ಮಾತು ‘ಗ್ಯಾಸ್ ಸೋರಿದೆ’ ಎಂದಾಯಿತು. ಮನೆ ಮುಟ್ಟುವಷ್ಟರಲ್ಲಿ ‘ಅವನು ಬಿಚ್ಚಿ ಸಡಿಲ ಮಾಡಿದ್ದರಿಂದ ಸೋರಿದೆ’ ಎಂದಾಯಿತು. ಸಿಲಿಂಡರಿನ ಗ್ಯಾಸು ಸೋರಿದರೆ ಮನೆಯಿಡೀ ನಾರುತ್ತದೆ. ಅಂದು ಯಾರಿಗೂ ಯಾವ ವಾಸನೆಯೂ ಬಂದಿರಲಿಲ್ಲ. ಆತನ ಕೈ ಬಿಟ್ಟ ಮೇಲೆ ಅದಕ್ಕೆ ಬೇರೆಯವರ ಕೈ ಬಿದ್ದಿತ್ತು. ಇಷ್ಟು ಸರಳ ಸಂಗತಿ ಯಾರಿಗೂ ಹೊಳೆಯಲಿಲ್ಲವೆಂದು ನಾನು ನಂಬುವುದಿಲ್ಲ. ಹೊಳೆದಿತ್ತು. ಪೊಲೀಸರು ಕೇಳಿದಾಗ ಯಾರ ಮೇಲೂ ಅನುಮಾನವಿಲ್ಲವೆಂದು ಭಾವ ಬರೆದುಕೊಟ್ಟದ್ದು ದೊಡ್ಡ ಮನಸ್ಸಿನಿಂದಲ್ಲ. ಕೊನೆಯಲ್ಲಿ ಕೂರಿಸಿದವರು ಯಾರು, ಕೂರಿಸಿ ಎಂದವರು ಯಾರು ಎಂಬ ಪ್ರಶ್ನೆ ಬರಬಾರದೆಂದು.

ಉತ್ತರಕ್ರಿಯೆಯ ಊಟದ ಪಂಕ್ತಿಯಲ್ಲಿ, ಗೀಸರು ಮಾರಿದ ಅಂಗಡಿಯವನು ಎಲೆಯ ಮುಂದೆ ಕೂತು, “ಕಂಡಕಂಡವ್ರ ಕೈಲಿ ಬಿಚ್ಚಿಸಿದ್ರೆ ಹಿಂಗೇ ಆಗೋದು” ಎಂದ. ನಾನು ಎದ್ದು ನಿಂತು, ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳತೊಡಗಿದೆ.

“ನಾನು ಫೋನಲ್ಲಿ ಹಂಗೆ ಹೇಳೇ ಇಲ್ಲ ಭಾವ. ಸಾವಿನ ಮನೇಲಿ ಸರ್ವೆ ಮಾಡ್ಬೇಡಿ. ಕೂತ್ಕೊಳಿ” ಎಂದ ಭಾವ.

ಪಂಕ್ತಿಯಲ್ಲಿ ಒಬ್ಬನೂ ತಲೆ ಎತ್ತಲಿಲ್ಲ. ನಾನು ಎಲೆ ಬಿಟ್ಟು ಬಂದೆ.

ಮಾತು ಸಾಗರಕ್ಕೆ ನನಗಿಂತ ಮೊದಲೇ ತಲುಪಿತ್ತು. ಅಡಿಕೆ ಮಂಡಿಯವರು ಏಸಿ ತೊಳೆಸಲು ಶಿವಮೊಗ್ಗದಿಂದ ಜನ ಕರೆಸತೊಡಗಿದರು. ಆತ ಸ್ಕೂಟರು ನಿಲ್ಲಿಸಿದರೆ ತೀರ್ಥಹಳ್ಳಿ ಕಡೆಯ ಮೇಳಿಗೆಯ ಒಬ್ಬ ಗೃಹಸ್ಥರು ಗೇಟಿನ ಚಿಲಕವನ್ನೇ ತೆಗೆಯಲಿಲ್ಲವಂತೆ. ಆ ಮನೆಯ ಫ್ರಿಜ್ಜಿಗೆ ವರ್ಷಗಟ್ಟಲೆ ಜೀವ ತುಂಬಿದ್ದವನು ಆತನೇ. ನಾನು ಅಂಗಡಿಗೆ ಹೋದಾಗ ಆತ ಕೆಲಸವಿಲ್ಲದೆ ಕೂತಿದ್ದ. ನಿಮ್ಮ ಪರವಾಗಿ ಎಲ್ಲೆಲ್ಲಿ ಮಾತಾಡಬೇಕೋ ಅಲ್ಲೆಲ್ಲ ಮಾತಾಡುತ್ತೇನೆ ಎಂದೆ.

“ನನ್ನ ಹೆಸರು ಬಿಡಿ ಸರ್ವೆಯರ್ರೇ. ಆ ಮಷೀನು ಇನ್ನೂ ಅದೇ ಗೋಡೆ ಮೇಲೆ ಉಂಟಾ?”

ನನಗೆ ಗೊತ್ತಿರಲಿಲ್ಲ. ಅಲ್ಲಿಂದಲೇ ಫೋನು ಮಾಡಿ ಭಾವನನ್ನು ಕೇಳಿದೆ. ಇತ್ತು. ಯಾಕೆ ತೆಗೆಸಲಿಲ್ಲವೆಂದು ಕೇಳಿದ್ದಕ್ಕೆ ಭಾವ ಹೇಳಿದ್ದನ್ನು ಒಂದಕ್ಷರ ಬದಲಿಸದೆ ಬರೆಯುತ್ತಿದ್ದೇನೆ: “ತೆಗೆದ್ರೆ ಅವ್ನು ಹೇಳಿದ್ದೇ ಸರಿ ಅಂದಂಗಾಗ್ತದಲ್ಲ.”

ಹೆತ್ತ ಮಗಳನ್ನು ಕೊಂದ ಯಂತ್ರವನ್ನು, ತನ್ನ ಮಾತು ಉಳಿಯಲಿ ಎಂದು, ಅದೇ ಮೊಳೆಗೆ ತೂಗುಹಾಕಿಕೊಂಡು ಬದುಕಿದ ಮನುಷ್ಯ!

ರಿಪೇರಿಯವನು, “ಅವ್ರಿಗೆ ಇನ್ನೊಬ್ಳು ಮಗಳು ಇದ್ದಾಳಲ್ಲ” ಎಂದ. ಮರುದಿನ ಯಾರೂ ಕರೆಯದೆ ತಾನೇ ಕೋಣಂದೂರಿಗೆ ಹೋದ. ಭಾವ ಅಂಗಳಕ್ಕೂ ಬಿಡಲಿಲ್ಲ. ಬೇಲಿಯಾಚೆ ನಿಂತು, ದಾರಿಹೋಕರೆಲ್ಲ ಕೇಳುವಂತೆ, “ಗಾಜು ಒಂದು ತೆಗೀರಿ ಅಮ್ಮ, ಗೀಸರು ಅಲ್ಲೇ ಇರ್ಲಿ, ಗಾಜು ಒಂದು ತೆಗೀರಿ” ಎಂದು ಒಳಗಿದ್ದ ಭಾವನ ಹೆಂಡತಿಗೆ ಕೂಗಿ ಹೇಳಿ ಬಂದನಂತೆ. ಆಮೇಲೆಯೂ ಒಂದೆರಡು ಸಲ ಹೋದ. ಜನ ಅದನ್ನೂ ಪಾಪಪ್ರಜ್ಞೆಯೆಂದರು.

ಆತನಿಗೆ ಹೊಟ್ಟೆಯ ಕಾಯಿಲೆ ಮೊದಲಿಂದಲೂ ಇತ್ತು; ಉಲ್ಬಣಿಸಿ, ಈ ಬೇಸಗೆಯಲ್ಲಿ ತೀರಿಕೊಂಡ. ಹೊಸನಗರದ ಹಳ್ಳಿಯಲ್ಲಿ ಸಂಸ್ಕಾರವಾಯಿತು. ಆತ ತಂಪು ಮಾಡಿಕೊಟ್ಟ ಕೋಣೆಗಳಲ್ಲಿ ಮಲಗುವ ಸಾಗರದ ದೊಡ್ಡವರಲ್ಲಿ ಒಬ್ಬರೂ ಬರಲಿಲ್ಲ. ಅಲ್ಲಿಂದ ನಾನು ಮನೆಗೆ ಹೋಗಲಿಲ್ಲ, ಕೋಣಂದೂರಿಗೆ ಹೋದೆ. ಭಾವನ ಕಿರಿಯ ಮಗಳು ಹಡೆದಿದ್ದಾಳೆಂದೂ, ಆ ವಾರವೇ ತವರಿಗೆ ಬರುತ್ತಾಳೆಂದೂ ಹೆಂಡತಿ ಹೇಳಿದ್ದಳು. ಸಂಸ್ಕಾರಕ್ಕೆ ಹೋದವನು ಮೀಯದೆ ಒಳಗೆ ಬರುವಂತಿಲ್ಲವಲ್ಲ. ಭಾವನ ಮನೆಯ ಹೊರಬಾಗಿಲಿನಿಂದ ನೇರ ಬಚ್ಚಲಿಗೆ ಹೋದೆ.

ಗೀಸರು ಅಲ್ಲೇ ಇತ್ತು. ಕಿಟಕಿಯ ಎರಡೂ ಗಾಜುಗಳಿದ್ದವು. ಬಾಗಿಲ ಸಂದಿಗೆಂದು ಒಗೆದು ಮಡಿಸಿಟ್ಟ ಹಳೆಯ ಸೀರೆಯೂ ಮೂಲೆಯಲ್ಲಿ ಸಿದ್ಧವಾಗಿತ್ತು.

“ಎಂತ ನೋಡ್ತಿದ್ದೀರಿ ಭಾವ?” ಭಾವ ಬೆನ್ನ ಹಿಂದೆ ಬಂದು ನಿಂತಿದ್ದ. “ಸತ್ತವ್ನ ಮಾತು ಇನ್ನೂ ಬಿಡ್ಲಿಲ್ವ?”

ನೀರಿನ ಹಿತ್ತಾಳೆ ತಂಬಿಗೆ ಕೈಗೆ ಸಿಕ್ಕಿತು. ಅದರ ಬುಡದಿಂದ ಒಂದು ಗಾಜಿಗೆ ಗುದ್ದಿದೆ. ಅದು ಪೂರ್ತಿ ಹಿತ್ತಿಲಿಗೆ ಸುರಿಯಿತು. “ಬಾಣಂತಿ ಬರೋ ಮನೆ! ನಿಮ್ಗೆ ತಲೆ ಕೆಟ್ಟಿದ್ಯಾ?” ಎಂದು ಭಾವ ನನ್ನ ರಟ್ಟೆ ಹಿಡಿದ. ಸದ್ದಿಗೆ ಅವನ ಹೆಂಡತಿ ಓಡಿ ಬಂದಳು. ಮಗಳು ಹೋದಂದಿನಿಂದ ಆ ವಿಷಯವಾಗಿ ಗಂಡನೆದುರು ಬಾಯಿ ತೆರೆಯದಿದ್ದ ಹೆಂಗಸು. ಒಡೆದ ಕಿಟಕಿಯನ್ನು ನೋಡಿದಳು, ಗಂಡನ ಕೈಯನ್ನು ನನ್ನ ತೋಳಿನಿಂದ ಬಿಡಿಸಿದಳು.

“ಅಣ್ಣ,” ಎಂದಳು, “ಆ ಬದೀದೂ ಒಡೀರಿ.”

ಒಡೆದೆ.