ಅಪ್ಪನ ಎಡೆ

ಪಿತೃಪಕ್ಷ ಬಂತೆಂದರೆ ನನಗೆ ಮೊದಲಿಂದಲೂ ಆಗದು. ಊರು ಬಿಟ್ಟು ಒಂಟಿಕೊಪ್ಪಲಿಗೆ ಬಂದು ಎಷ್ಟೋ ವರ್ಷವಾಯಿತು, ಆದರೂ ಅಮ್ಮ ಹಳ್ಳಿಯ ಕ್ರಮ ಒಂದನ್ನೂ ಬಿಟ್ಟವಳಲ್ಲ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಯಲ್ಲಿ ಎಡೆಯಿಟ್ಟು, ಧೂಪ ಹಾಕಿ, ಕೋಣೆಯ ಬಾಗಿಲು ಮುಚ್ಚಬೇಕು. ಅವರು ಬಂದು ಉಂಡು ಹೋಗುತ್ತಾರಂತೆ. ಆಮೇಲೆ ಹಿರೀಮಗ ಕೆಮ್ಮಿ ಸದ್ದು ಮಾಡಿ, ಒಬ್ಬನೇ ಒಳಗೆ ಹೋಗಿ, ಎಡೆಯಲ್ಲಿರುವುದನ್ನೆಲ್ಲ ಒಂದೊಂದು ಚೂರು ಬಾಯಿಗೆ ಹಾಕಿಕೊಳ್ಳಬೇಕು. ಅವರಿಗೆಂದು ಇಟ್ಟ ಹೊಸ ಪಂಚೆಯನ್ನೂ ಅವನೇ ಉಟ್ಟು ಬರಬೇಕು. ಮಿಕ್ಕವರ ಊಟ ಆಮೇಲೆ.

ಅಪ್ಪನಿಗೆ ಇಷ್ಟವಾದದ್ದು ಬ್ರಾಂದಿ. ಸತ್ತದ್ದೂ ಅದರಿಂದಲೇ. ಆ ವರ್ಷ ಎಡೆಯಲ್ಲಿಟ್ಟ ಬ್ರಾಂದಿಯನ್ನು ಅಮ್ಮನೇ, ಮನೆಗೊಬ್ಬನೇ ಗಂಡುಮಗನಾದ ನನ್ನ ತಮ್ಮನ ಅಂಗೈಗೆ ತೀರ್ಥದ ಹಾಗೆ ಬಿಟ್ಟಳು. ಆಗ ಅವನಿಗೆ ಮೀಸೆ ಕೂಡ ಸರಿಯಾಗಿ ಬಂದಿರಲಿಲ್ಲ. ಅವನು ಮೊದಲು ಕುಡಿದದ್ದು ಹಾಗೆ, ಅಪ್ಪನ ಫೋಟೋ ಮುಂದೆ, ಎಲ್ಲರೂ ಕೈಮುಗಿದು ನಿಂತಿರುವಾಗ. ಆಮೇಲೆ ಕುಡಿಯುವುದಕ್ಕೆ ಯಾವ ಹಬ್ಬವೂ ಬೇಕಾಗಲಿಲ್ಲ ಬಿಡಿ. ಲಷ್ಕರ್ ಮೊಹಲ್ಲಾದ ಅಂಗಡಿಯವರು ಕೆಲಸದಿಂದ ತೆಗೆದರು. ಹೆಂಡತಿ ತೌರಿಗೆ ಹೋಗಿ ಕೂತಳು. ಕಡೆಗೆ ರಕ್ತ ವಾಂತಿ ಮಾಡಿಕೊಂಡು ಆಸ್ಪತ್ರೆ ಸೇರಿದ. ಇನ್ನೊಂದು ಸಲ ಕುಡಿದರೆ ಉಳಿಯೋದಿಲ್ಲ ಎಂದು ಡಾಕ್ಟರು ನನ್ನನ್ನೇ ಪಕ್ಕಕ್ಕೆ ಕರೆದು ಹೇಳಿದರು.

ಬಿಟ್ಟ. ಅವನಿಗೆ ದಾರಿ ತೋರಿಸಿದವರು ಯಾದವಗಿರಿಯ ಒಬ್ಬ ಹಿರಿಯರು. ಅವರೂ ಒಂದು ಕಾಲಕ್ಕೆ ಕುಡಿದು ಸಂಸಾರ ಹಾಳು ಮಾಡಿಕೊಂಡವರೇ, ಈಗ ಕುಡಿತ ಬಿಟ್ಟವರನ್ನೆಲ್ಲ ಸೇರಿಸಿ ಸಭೆ ನಡೆಸುತ್ತಾರೆ. ಉಪದೇಶ ಮಾಡುವ ಆಸಾಮಿಯಲ್ಲ. ಕುಡಿದ ಮೇಲೆ ಫೋನು ಮಾಡಿ ಅಳಬೇಡ, ಕುಡಿಯುವ ಮೊದಲು ಮಾಡು, ಎಷ್ಟೊತ್ತಾದರೂ ಎತ್ತುತ್ತೇನೆ ಎಂದಿದ್ದರಂತೆ. ಆ ಮಾತನ್ನು ಹಿಡಿದುಕೊಂಡೇ ಅವನು ದಿನ ತಳ್ಳುತ್ತಿದ್ದ.

ಈ ಸಲ ಎಡೆಗೆ ಬ್ರಾಂದಿ ಬೇಡ ಎಂದು ಅಮ್ಮನಿಗೆ ಮುಂಚೆಯೇ ಹೇಳಿದ್ದೆ. ಮುಖ ಊದಿಸಿಕೊಂಡಳು. ಅಪ್ಪ ಕನಸಿನಲ್ಲಿ ಬಂದು ಬಾಗಿಲ ಹೊರಗೇ ನಿಂತಿದ್ದರಂತೆ, ಬಾಯಿ ಒಣಗಿತ್ತಂತೆ. ಒಣಗಲಿ, ಬದುಕಿದ್ದಾಗ ನಮ್ಮ ಬಾಯಿ ಒಣಗಿಸಿದ್ದು ಸಾಲದಾ ಎಂದು ರೇಗಿದೆ. ಅಮ್ಮ ಹೂಂ ಅಂದಳು. ಅವಳು ಅಷ್ಟು ಬೇಗ ಹೂಂ ಅಂದದ್ದು ನನಗೆ ಸರಿಕಾಣಲಿಲ್ಲ.

ಹಬ್ಬದ ಮಧ್ಯಾಹ್ನ ಕೋಣೆಯ ಬಾಗಿಲು ಮುಚ್ಚಿ ಮೂವರೂ ಹಜಾರದಲ್ಲಿ ಕೂತೆವು. ಮಹಡಿಯ ಮೇಲಿಟ್ಟ ಅನ್ನವನ್ನು ಒಂದು ಕಾಗೆಯೂ ಮುಟ್ಟಿರಲಿಲ್ಲ. ಅಮ್ಮ ಹತ್ತಿ ಇಳಿದು ನೋಡಿ ಬಂದು ಅದನ್ನೇ ಹೇಳುತ್ತಿದ್ದಳು. ತಮ್ಮ ಎದ್ದ, ಕೆಮ್ಮಿದ, ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಆಗ ಅಮ್ಮ ನನ್ನ ಮುಖ ನೋಡದೆ ಅಂದಳು, "ಇಟ್ಬುಟ್ಟೆ ಕಣಮ್ಮ. ಪಂಚೆ ಕೆಳಗೆ ಮುಚ್ಚಿಟ್ಟಿದ್ದೀನಿ, ಅವನಿಗೆ ಕಾಣಲ್ಲ."

ಅಪ್ಪನಿಗೆ ಕಾಣಬೇಕು, ಮಗನಿಗೆ ಕಾಣಬಾರದು ಎಂದು ಲೆಕ್ಕ ಹಾಕಿದವಳಿಗೆ ಆ ಪಂಚೆ ಎತ್ತುವವನು ಯಾರು ಅನ್ನುವುದೇ ಮರೆತುಹೋಗಿತ್ತು.

ಎದ್ದೆ. ಮಗ ಒಳಗಿರುವಾಗ ಇನ್ನೊಬ್ಬರು ಕಾಲಿಟ್ಟರೆ ಹಿರಿಯರು ಶಾಪ ಹಾಕುತ್ತಾರೆ ಎಂದು ಅಮ್ಮ ಕೈ ಹಿಡಿದಳು. ಹಾಕಿಕೊಳ್ಳಲಿ ಎಂದು ಕೊಡವಿಕೊಂಡು ಬಾಗಿಲು ನೂಕಿದೆ. ಒಳಗಿಂದ ಚಿಲಕ ಹಾಕಿದ್ದ. ತಟ್ಟಿದೆ, ಕರೆದೆ. ಲೋಟದ ಸದ್ದು ಕೇಳಿತು. ಸ್ವಲ್ಪ ಹೊತ್ತಿನ ಮೇಲೆ ಅವನ ತಗ್ಗಿದ ದನಿ. ಅಪ್ಪನ ಜೊತೆ ಮಾತಾಡುತ್ತಿದ್ದಾನೆ ಎಂದು ಅಮ್ಮ ಕೈಮುಗಿದಳು. ಅವಳಿಗೆ ಹೊಡೆದುಬಿಡುವಷ್ಟು ಕೋಪ ಬಂತು ನನಗೆ. ಕುಡಿದಾಗ ಅವನು ತನ್ನಷ್ಟಕ್ಕೆ ತಾನೇ ಮಾತಾಡುತ್ತಿದ್ದದ್ದೂ ಹೀಗೆಯೇ.

ಬಾಗಿಲು ತೆರೆಯಿತು. ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದ, ಆ ಕಡೆಯಿಂದ ಯಾದವಗಿರಿಯವರ ದನಿ ಕೇಳುತ್ತಿತ್ತು. ಇನ್ನೊಂದು ಕೈಯಲ್ಲಿ ಮುಚ್ಚಳ ತೆಗೆದ ಬಾಟ್ಲಿ. ಹಿಂದೆ ನೆಲದ ಮೇಲೆ ಲೋಟದ ತುಂಬ ಬಗ್ಗಿಸಿಟ್ಟ ಬ್ರಾಂದಿ. ನಾನು ನಾಚಿಕೆ ಬಿಟ್ಟು ಅವನ ಬಾಯಿ ಮೂಸಿದೆ. ಕುಡಿದಿರಲಿಲ್ಲ. ಬಾಟ್ಲಿಯಿಂದ ತುಳುಕಿದ್ದು ಮೊಣಕೈವರೆಗೂ ಇಳಿದಿತ್ತು.

ಅವನು ಅಮ್ಮನನ್ನೇ ನೋಡಿದ. "ಮುಂದಿನ ವರ್ಷ ನನ್ನ ಎಡೆಗೂ ಇದನ್ನೇ ಇಡ್ತೀಯಾಮ್ಮ?"

ಅಮ್ಮ ಬಾಟ್ಲಿ ಕಿತ್ತುಕೊಂಡು, ಲೋಟವನ್ನೂ ಎತ್ತಿಕೊಂಡು ಹೋಗಿ ಬಚ್ಚಲಿಗೆ ಸುರಿದಳು. ಮನೆಯೆಲ್ಲ ಆ ವಾಸನೆ ಅಡರಿತು. ತಮ್ಮ ಮೂಗು ಮುಚ್ಚಿಕೊಂಡು ಬೀದಿಗೆ ಓಡಿದ. ಬಲಕ್ಕೆ ಹೋದರೆ ಯಾದವಗಿರಿ, ಎಡಕ್ಕೆ ಹೋದರೆ ಬ್ರಾಂದಿ ಅಂಗಡಿ. ನಾನು ಚಪ್ಪಲಿಯನ್ನೂ ಮೆಟ್ಟದೆ ಅವನ ಹಿಂದೆ ಹೊರಟೆ. ಒಳಗೆ ಅಮ್ಮ ಅಪ್ಪನ ಫೋಟೋಗೆ ಹೇಳುತ್ತಿದ್ದದ್ದು ಬಾಗಿಲವರೆಗೂ ಕೇಳಿತು.

"ಇನ್ಮೇಲೆ ನಿಮಗೆ ಕಾಫೀನೇ. ಬರೋದಾದ್ರೆ ಬನ್ನಿ, ಇಲ್ದಿದ್ರೆ ಬುಡಿ. ನನ್ನ ಮಗನ್ನ ಮಾತ್ರ ಕರೀಬೇಡಿ."