ಸೋದರಮಾವನಿಗೆ ಬಂದ ಫೈಲು

ಚಾಮರಾಜಪೇಟೆಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ನರಸಿಂಹಯ್ಯನಿಗೆ ಮದುವೆಯಾಗಲಿಲ್ಲ. ಕಂಡಕಂಡವರ ಮದುವೆಗೆಲ್ಲ ಕರೆಯೋಲೆ ಹೊರಡುತ್ತಿದ್ದುದು ಇವನ ಅಂಗಡಿಯಿಂದಲೇ. ಇವನನ್ನು ಕರೆಯುವವರು ಮಾತ್ರ ಯಾರೂ ಇಲ್ಲ. ಇದ್ದೊಬ್ಬ ತಂಗಿ ಅಂಜಮ್ಮ ಬಿನ್ನಿಪೇಟೆಯಲ್ಲಿ. ಅಮ್ಮನ ತಿಥಿಯ ದಿನ ಆಡಿದ ಒಂದು ಮಾತಿಗೆ ಇಬ್ಬರೂ ಮಾತು ಬಿಟ್ಟಿದ್ದರು. ನಡೆದೇ ಹೋಗಬಹುದಾದ ದಾರಿ, ಆದರೆ ಮೊದಲು ಯಾರು ನಡೆಯಬೇಕು?

ಈಗಿನ ಗಿರಾಕಿಗಳು ಪತ್ರಿಕೆಯನ್ನು ಪಿಡಿಎಫ್ ಮಾಡಿ ವಾಟ್ಸಾಪಿಗೆ ಹಾಕುತ್ತಾರೆ. ಒತ್ತಿದಾಗಲೆಲ್ಲ ಫೋನಿನದು ಒಂದೇ ರಾಗ. ಈ ಬಗೆಯ ಫೈಲು ತೆರೆಯಲು ನಾನಿದ್ದೇನೆ, ನಾನಿದ್ದೇನೆ ಎಂದು ಇಷ್ಟೊಂದು ಆ್ಯಪ್‌ಗಳು ಹೆಸರು ಕೊಟ್ಟಿವೆ, ಯಾವುದಕ್ಕೆ ಕೊಡಲಿ? ಒಮ್ಮೆ ಮಾತ್ರವೋ, ಯಾವಾಗಲೂ ಹೀಗೆಯೋ? ಉತ್ತರ ಕೊಟ್ಟು ಕೊಟ್ಟು ರೋಸಿಹೋಗಿ, ಪ್ರಿಂಟಿನ ಆ್ಯಪ್ ಆರಿಸಿ 'ಯಾವಾಗಲೂ' ಒತ್ತಿಬಿಟ್ಟ. ಪೀಡೆ ತೊಲಗಿತು. ಅಂದಿನಿಂದ ಪಿಡಿಎಫ್ ಮುಟ್ಟಿದರೆ ಸಾಕು, ನೆಟ್ಟಗೆ ಪ್ರಿಂಟಿಗೆ ಹೋಗಿ ನಿಲ್ಲುತ್ತಿತ್ತು.

ಕಾರ್ತೀಕದಲ್ಲಿ ಗೊತ್ತಿಲ್ಲದ ನಂಬರಿನಿಂದ ಒಂದು ಫೈಲು ಬಂತು. ಒತ್ತಿದ. ವಧುವಿನ ಹೆಸರು ಲಾಸ್ಯಾ, ಅಂಜಮ್ಮನ ಮಗಳು! ಅಣ್ಣ ಬೇಡ, ಅಣ್ಣನ ಪ್ರೆಸ್ಸು ಮಾತ್ರ ಬೇಕಾಯಿತೇ ಎಂದು ಮೊದಲು ಸಿಟ್ಟು ಬಂತು. ಆಮೇಲೆ, ಪಾಪ, ಆಸೆಯೂ ಹುಟ್ಟಿತು. ಪತ್ರಿಕೆ ಒಯ್ಯಲು ಅಂಜಮ್ಮ ಬರಲೇಬೇಕಲ್ಲ, ಬಂದವಳು ಬಾಯಿತುಂಬ ಕರೆಯದೆ ಹೋಗುತ್ತಾಳೆಯೇ? ಎಷ್ಟು ಬೇಕೆಂದು ಕೇಳಲು ಬಿಗುಮಾನ. ಒಳ್ಳೆ ದಪ್ಪ ಕಾಗದ ತೆಗೆದು ಅಂದಾಜಿನಲ್ಲೇ ಅಚ್ಚು ಹಾಕಿದ, ಒಂದೊಂದರ ಮೂಲೆಗೂ ಅರಿಶಿನ ಹಚ್ಚಿ ಕಟ್ಟು ಕಟ್ಟಿಟ್ಟ. ದಿನಾ ಬಾಗಿಲು ಕಾದ.

ಯಾರೂ ಬರಲಿಲ್ಲ. ಮುಹೂರ್ತದ ದಿನ ಇಸ್ತ್ರಿ ಮಾಡಿದ ಪಂಚೆ ಉಟ್ಟು ಅಂಗಡಿಯಲ್ಲೇ ಕೂತಿದ್ದ. ಕರೆಯದ ಮನೆಗೆ ಯಾವ ಮುಖ ಹೊತ್ತು ಹೋಗುವುದು?

ಮದುವೆ ಮುಗಿದ ಮೇಲೆ ಲಾಸ್ಯಾ ಒಬ್ಬಳೇ ಬಂದಳು, ಮುಖ ಗಂಟು ಹಾಕಿಕೊಂಡು. ಅವಳು ಬಾಯಿ ತೆರೆಯುವ ಮೊದಲೇ ನರಸಿಂಹಯ್ಯ ಕಟ್ಟನ್ನು ಮುಂದಿಟ್ಟ.

"ತಗೊಂಡು ಹೋಗೋಕೆ ಯಾರೂ ಬರ್ಲೇ ಇಲ್ವಲ್ಲಮ್ಮ."

ಹುಡುಗಿ ಕಟ್ಟನ್ನು ನೋಡಿದಳು, ಅವನನ್ನು ನೋಡಿದಳು. ಅವನ ಫೋನು ಇಸಕೊಂಡು ಆವತ್ತಿನ ಫೈಲು ಹುಡುಕಿ, ಅದರ ಕೆಳಗೆ ಬೆರಳಿಟ್ಟಳು. ಒತ್ತಿದೊಡನೆ ಫೈಲು ನೆಟ್ಟಗೆ ಪ್ರಿಂಟಿಗೆ ಹೋಗಿದ್ದರಿಂದ ಅವನು ಓದದೇ ಬಿಟ್ಟ ಸಾಲು ಅಲ್ಲಿತ್ತು. 'ಮಾವ, ಮಂಟಪಕ್ಕೆ ನನ್ನ ನೀವೇ ಕರ್ಕೊಂಡು ಹೋಗ್ಬೇಕು. ಬಂದು ಕರೆಯೋಕೆ ಅಮ್ಮಂಗೆ ಭಯ.'

"ನೀಲಿ ಟಿಕ್ ಬಿದ್ದಿತ್ತು ಮಾವ," ಎಂದಳು. "ಅಮ್ಮ ಕೊನೇವರೆಗೂ ಛತ್ರದ ಬಾಗಿಲಲ್ಲೇ ನಿಂತಿದ್ಲು."

ಕೈ ಹಿಡಿದು ಕರೆದೊಯ್ದವರು ಯಾರೆಂದು ಕೇಳಿದ. ಪಕ್ಕದ ಮನೆಯವರಂತೆ.

ಈಗ ಆ 'ಯಾವಾಗಲೂ' ತೆಗೆಸಿದ್ದಾನೆ. ಪ್ರತಿ ಫೈಲಿಗೂ ಫೋನು ಮತ್ತೆ ಕೇಳುತ್ತದೆ. ಗಿರಾಕಿ ಗೊಣಗಿದರೂ ನರಸಿಂಹಯ್ಯ ಮೊದಲು ಕೆಳಗಿನ ಸಾಲು ಓದುತ್ತಾನೆ. ಬೇಗ ಬೇಕು, ಬಣ್ಣ ಚೆನ್ನಾಗಿರಲಿ ಅಂತಷ್ಟೇ ಇರುತ್ತದೆ. ಅಂಜಮ್ಮನಿಗಿದ್ದದ್ದು ಒಬ್ಬಳೇ ಮಗಳು.