ಬೇಗೂರಿಗೆ ಹೋದ ಚಳಿಗಾಲದ ಟೈರುಗಳು

ಜನವರಿಯ ಒಂದು ಬೆಳಗ್ಗೆ, ಹಾಲಿನವನು ಬರುವ ಹೊತ್ತಿಗೆ, ಮೈಸೂರಿನ ನಮ್ಮ ಮನೆಯ ಮುಂದೆ ನಾನು ಕಾರಿಗೆ ಪ್ರದಕ್ಷಿಣೆ ಹಾಕುತ್ತಿದ್ದೆ. ಗಾಳಿ ನೋಡಿದ್ದಾಗಿತ್ತು, ರೇಡಿಯೇಟರಿನ ನೀರು ನೋಡಿದ್ದಾಗಿತ್ತು. ಸ್ಟೆಪ್ನಿ ಒಂದು ಸಾಲದೆಂದು ಎರಡು ತುಂಬಿಸಿದ್ದೆ. ಹೆಂಡತಿ ಬಾಗಿಲಲ್ಲಿ ನಿಂತು, "ಇನ್ನೂ ನಾಲ್ಕು ಸುತ್ತು ಹಾಕಿಬಿಡಿ. ಇಲ್ಲಿಂದಲೇ ವಯನಾಡು ಮುಟ್ಟುತ್ತೀರಿ" ಎಂದಳು. ನಾನು ಮರೆತಿದ್ದ ಟಾರ್ಚು ತರಲು ಒಳಗೆ ಹೋದೆ.

ಹೋಗಬೇಕಾಗಿದ್ದದ್ದು ವಯನಾಡಿನ ಬೇಗೂರಿಗೆ. ಮಾನಂದವಾಡಿಯಿಂದ ಕುಟ್ಟಕ್ಕೆ ಹೋಗುವ ದಾರಿಯಲ್ಲಿ, ಕಾಡಿನ ಅಂಚಿನ ಗದ್ದೆಬಯಲಿನಲ್ಲಿ ನನ್ನ ಸೋದರತ್ತೆ ನಂಜಮ್ಮನ ಮನೆ. ಅವರದು ತಲೆಮಾರುಗಳ ಹಿಂದೆಯೇ ನಮ್ಮ ಕಡೆಯಿಂದ ಹೋಗಿ ನೆಲೆಸಿದ ಒಕ್ಕಲು ಮನೆತನ. ಅತ್ತೆಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕಣ್ಣಿನ ಶಿಬಿರಕ್ಕೆಂದು ಅಲ್ಲಿಗೆ ಬಂದ ಡಾಕ್ಟರು, ಇನ್ನು ತಡಮಾಡಿದರೆ ಇರುವ ಬೆಳಕೂ ಹೋಗುತ್ತದೆ ಎಂದಿದ್ದರು. ಮೈಸೂರಿನ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ದಿನವೂ ಗೊತ್ತಾಗಿತ್ತು. ತೊಡಕು ಒಂದೇ. ಅತ್ತೆ ವಾಹನ ಹತ್ತುವುದಿಲ್ಲ. ಮಾವ ಮಾದಪ್ಪನವರು ಬದುಕಿರುವವರೆಗೆ ಆ ದಾರಿಯಲ್ಲಿ ಜೀಪು ಓಡಿಸುತ್ತಿದ್ದರು. ಜ್ವರದಲ್ಲಿ ಮಲಗಿದವರು ಏಳಲಿಲ್ಲ. ಆಮೇಲೆ ಜೀಪನ್ನೂ ಮಾರಿದ್ದಾಯಿತು. ಅಂದಿನಿಂದ ಅತ್ತೆ ಎಲ್ಲಿಗೆ ಹೋದರೂ ನಡಿಗೆಯೇ. ಕಣ್ಣು ಮಂಜಾದ ಮೇಲೆ ನಡಿಗೆಯೂ ನಿಂತಿತ್ತು. ಅವರನ್ನು ಕರೆತರಲು ಕಲ್ಪೆಟ್ಟದಿಂದ ಮಗಳು ಒಂದು ಕಾರು ಕಳಿಸಿದ್ದಳು, ಇತ್ತ ನನ್ನ ಅಣ್ಣ ಒಂದು ಕಾರು ಕಳಿಸಿದ್ದ. ಎರಡೂ ಅತ್ತೆಯ ಬದಲು ಒಂದೊಂದು ಬಾಳೆಗೊನೆ ಹೊತ್ತುಕೊಂಡು ವಾಪಸು ಬಂದವು. ಈಗ ನನ್ನ ಸರದಿ.

ನನಗೆ ಅತ್ತೆಯ ಹಟಕ್ಕಿಂತ ಮೊದಲು ದಾರಿಯ ಚಿಂತೆ ಹತ್ತಿಕೊಂಡಿತ್ತು. ವಯನಾಡಿನ ಚಳಿ, ಬೆಳಗಿನ ಮಂಜು, ಇಬ್ಬನಿ ಬಿದ್ದು ನೆಂದ ತಿರುವುಗಳು. ಅದೇ ಸಮಯಕ್ಕೆ ನಮ್ಮ ಪಕ್ಕದ ಬೀದಿಯಲ್ಲಿದ್ದ ಜರ್ಮನಿಯ ಇಂಜಿನಿಯರೊಬ್ಬ ಊರಿಗೆ ಮರಳುವವನಿದ್ದ. ಮಾರಾಟಕ್ಕಿಟ್ಟ ಅವನ ಸಾಮಾನಿನಲ್ಲಿ ನಾಲ್ಕು ಟೈರುಗಳಿದ್ದವು. "ಚಳಿಗಾಲದ ಟೈರು. ನಮ್ಮಲ್ಲಿ ಹಿಮ ಬಿದ್ದಾಗ ಹಾಕುತ್ತೇವೆ, ಜಾರುವುದಿಲ್ಲ" ಎಂದ. ಎರಡು ಬೆರಳಗಲದ ದಪ್ಪ ರಬ್ಬರು ತುಂಡುಗಳು, ನಡುವೆ ಬೆರಳು ತೂರುವಷ್ಟು ಆಳದ ಸಂದು. ಗಾಲಿಗೆ ಸರಿಹೊಂದುತ್ತವೆ ಎಂದು ಮೆಕ್ಯಾನಿಕ್ಕು ಹೇಳಿದ. ವಯನಾಡಿನಲ್ಲಿ ಹಿಮ ಬೀಳುವುದಿಲ್ಲ ಎಂಬುದು ನನಗೂ ಗೊತ್ತಿತ್ತು. ಆದರೆ ಬೀಳುವುದೇ ಇಲ್ಲ ಎಂದು ಬರೆದುಕೊಟ್ಟವರು ಯಾರು? ಕೊಂಡುಬಿಟ್ಟೆ.

ಡಾಂಬರು ರಸ್ತೆಗೆ ಬಿದ್ದ ಕೂಡಲೇ ಆ ಟೈರುಗಳು ಹಾಡಲು ಶುರುಮಾಡಿದವು. ಕಲ್ಲು ತಗುಲಿದ ಹೆಜ್ಜೇನಿನ ಗೂಡು ಕಾರಿನ ಕೆಳಗೇ ಹಾರಿಬಂದಂತೆ ಒಂದೇ ಸಮನೆ ಗುಂಯ್ ಎನ್ನುವ ಸದ್ದು. ನಂಜನಗೂಡಿನ ತನಕ ಇಂಜಿನ್ನು ಕೆಟ್ಟಿತೆಂದು ಹೆದರಿ ಎರಡು ಸಲ ನಿಲ್ಲಿಸಿ ನೋಡಿದೆ. ನಿಂತರೆ ಸದ್ದೂ ನಿಲ್ಲುತ್ತಿತ್ತು.

ಅರವತ್ತು ಕಿಲೋಮೀಟರು ದಾಟಿ ಗುಂಡ್ಲುಪೇಟೆಯಲ್ಲಿ ಇಡ್ಲಿಗೆ ನಿಲ್ಲಿಸಿದೆ. ಕೈ ತೊಳೆದು ಬರುವಷ್ಟರಲ್ಲಿ ಲಾರಿ ಡ್ರೈವರನೊಬ್ಬ ಕಾರಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ.

"ಏನ್ ಸಾಮಿ ಇದು, ಟ್ರ್ಯಾಕ್ಟರ್ ಮರಿ ಥರ ಮಾಡ್ಕೊಂಡಿದ್ದೀರಲ್ಲ?"

ಚಳಿಗಾಲದ ಟೈರು ಎಂದೆ. ಅವನು ಹೆಬ್ಬೆರಳಿನ ಉಗುರು ಊರಿ ನೋಡಿದ. "ಬೆಣ್ಣೆ ಇದ್ದಂಗೈತೆ. ಚಳಿಗೇನೋ ಸರಿ. ಶಿವರಾತ್ರಿ ಕಳುದ್ರೆ ಕರಗೋಯ್ತದೆ. ಅಷ್ಟ್ರೊಳಗೆ ಎಲ್ಲೆಲ್ಲಿ ಹೋಗ್ಬೇಕೋ ಹೋಗಿ ಬಂದ್ಬುಡಿ." ಇಡ್ಲಿ ಗಂಟಲಲ್ಲಿ ಇಳಿಯಲು ಎರಡು ಲೋಟ ನೀರು ಬೇಕಾಯಿತು.

ಗಡಿ ದಾಟಿ ಕಾಡಿನೊಳಗೆ ಪೊನ್ಕುಳಿಯ ದೇವಸ್ಥಾನದ ಬಳಿ ನಿಲ್ಲಿಸಿದೆ. ಬಿಸಿಲಿದ್ದರೂ ಗಾಳಿ ತಣ್ಣಗಿತ್ತು. ಅಲ್ಲಿ ಬಾಡಿಗೆ ಜೀಪಿನ ಒಬ್ಬ ವಯಸ್ಸಾದ ಮಲಯಾಳಿ ಡ್ರೈವರು ಹಾಲಿಲ್ಲದ ಚಹಾ ಕುಡಿಯುತ್ತಿದ್ದರು. ನನ್ನ ಟೈರುಗಳನ್ನು ಕತ್ತು ಓರೆ ಮಾಡಿ ನೋಡಿದರು.

"ಈ ವಂಡಿಗೆ ಈಗ ಇದು ಯಾಕೆ ಸಾರೇ? ಮಳೆಗಾಲದಾಗೆ ಆದ್ರೆ ಕೊಳ್ಳಾಂ, ಒಳ್ಳೇದು. ನಾವು ಗಾಲಿಗೆ ಕಯರಿನ ಹಗ್ಗ ಸುತ್ತಿ ಕೆಸರು ದಾಟೋದು. ಎಲ್ಲಿಗೆ ಹೋಗ್ತೀರಿ?"

"ಬೇಗೂರಿಗೆ. ಜೀಪು ಓಡಿಸುತ್ತಿದ್ದ ಮಾದಪ್ಪನವರ ಮನೆಗೆ."

ಅವರು ಲೋಟ ಕೆಳಗಿಟ್ಟರು. "ಬಳ್ಳಿ ಗಾಲಿ ಮಾದಪ್ಪಣ್ಣನಾ? ಅವರ ವಂಡಿ ಮುಂದೆ ಹೋದ ಮಣ್ಣಿನ ಮೇಲೆ ನಾವು ಗಾಲಿ ಇಡೋಕೆ ಮನಸ್ಸು ಬರ್ತಿರಲಿಲ್ಲ. ಪಕ್ಷೇ, ಆದ್ರೆ ಇಡದೆ ಏನ್ಮಾಡೋದು, ಇರೋದು ಒಂದೇ ದಾರಿ."

ಅಲ್ಲಿಂದ ಬತ್ತೇರಿಯವರೆಗೆ ನಾನು ಕಾರು ಓಡಿಸಿದೆನೋ ಅದೇ ಓಡಿತೋ ತಿಳಿಯಲಿಲ್ಲ.

ಬೇಸಿಗೆ ರಜೆಯಲ್ಲಿ ನಮ್ಮನ್ನು ಬೇಗೂರಿಗೆ ಕಳಿಸುತ್ತಿದ್ದರು. ಮುಂಗಾರಿಗೆ ಮೊದಲು ಮಾವ ಸವೆದ ಟೈರುಗಳಿಗೆ ಹೊಸದಾಗಿ ಗೆರೆ ಕೊಯ್ಯುತ್ತಿದ್ದರು. ಹೊಸ ಟೈರು ಅಲ್ಲಿ ಯಾರಿಗೆ ಸಿಗುತ್ತಿತ್ತು? ತಿರುವಾಂಕೂರಿನಿಂದ ಬಂದು ನೆಲೆಸಿದವರ ಹತ್ತಿರ ರಬ್ಬರ್ ಮರ ಕೊಯ್ಯುವ ಬಾಗುಮೊನೆಯ ಕತ್ತಿ ಇರುತ್ತಿತ್ತು. ಅದನ್ನು ಬೆಂಕಿಯಲ್ಲಿ ಕಾಯಿಸಿ ಕೊಯ್ದರೆ ಬೋಳು ಟೈರಿನಲ್ಲಿ ಕಾಲುವೆ ಬೀಳುತ್ತಿತ್ತು. ಎಲ್ಲ ಡ್ರೈವರುಗಳೂ ಮಾಡುತ್ತಿದ್ದ ಕೆಲಸ ಅದು, ಅಡ್ಡಾದಿಡ್ಡಿ ನಾಲ್ಕು ಗೆರೆ ಎಳೆದು ಮುಗಿಸುತ್ತಿದ್ದರು. ಮಾವನ ಕೈ ನೆಟ್ಟಗೆ ಹೋಗುತ್ತಿರಲಿಲ್ಲ. ಅದಕ್ಕೆ ಅತ್ತೆ ಮೊದಲು ಅಕ್ಕಿಹಿಟ್ಟಿನಲ್ಲಿ ಗೆರೆ ಬರೆದುಕೊಡುತ್ತಿದ್ದರು. ಆಕೆಗೆ ಬರುತ್ತಿದ್ದದ್ದು ರಂಗೋಲಿ. ಹಾಗಾಗಿ ಟೈರಿನ ಸುತ್ತ ಒಂದು ಬಳ್ಳಿ ಹರಿಯುತ್ತಿತ್ತು, ಬಳುಕಿದಲ್ಲೆಲ್ಲ ಒಂದೊಂದು ಎಲೆ. ಮೊದಲ ಮಳೆ ಬಿದ್ದ ಮೇಲೆ ದಾರಿಯ ಕೆಂಪು ಮಣ್ಣಿನಲ್ಲಿ ಅತ್ತೆಯ ಬಳ್ಳಿ ಅಚ್ಚೊತ್ತಿರುತ್ತಿತ್ತು, ಬೇಗೂರಿನಿಂದ ಮಾನಂದವಾಡಿಯವರೆಗೂ ಬೀಳುತ್ತದೆ ಎನ್ನುತ್ತಿದ್ದರು ಮಾವ. ಎಲೆಯ ತುದಿ ಯಾವ ಕಡೆಗಿದೆಯೆಂದು ನೋಡಿ, ಮಾವ ಹೋಗಿದ್ದಾರೋ ಬಂದಿದ್ದಾರೋ ಎಂದು ಮಕ್ಕಳು ನಾವು ಹೇಳುತ್ತಿದ್ದೆವು. ಅರ್ಧ ಸಲ ತಪ್ಪುತ್ತಿತ್ತು. ಆದರೂ ಹೇಳುತ್ತಿದ್ದೆವು.

ಅತ್ತೆಯ ಮಗಳನ್ನು ಜೊತೆಗೆ ಕರೆದೊಯ್ಯಲೆಂದು ಸುತ್ತುದಾರಿ ಹಿಡಿದಿದ್ದೆ, ಕಲ್ಪೆಟ್ಟ ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು. ವಯನಾಡು ಬೇರೆ ಜಿಲ್ಲೆಯಾಗಿ ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ಬಾಡಿಗೆ ಕಟ್ಟಡಗಳ ಮೇಲೆ ಸರ್ಕಾರಿ ಬೋರ್ಡುಗಳ ಬಣ್ಣ ಹಸಿಹಸಿಯಾಗಿತ್ತು. ಅತ್ತೆಯ ಮಗಳು ಸರಸು ಅಂಥದೊಂದು ಕಚೇರಿಯಲ್ಲಿ ಗುಮಾಸ್ತೆ. ನನಗಿಂತ ಚಿಕ್ಕವಳಾದರೂ, ಬಾವ ಎಂದು ಕರೆಯುವ ಸಲಿಗೆಯಲ್ಲಿ ನನ್ನನ್ನು ಆಡಿಕೊಳ್ಳದೆ ಬಿಟ್ಟವಳಲ್ಲ. ಗೇಟಿನಲ್ಲೇ ನಿಂತಿದ್ದಳು.

"ನೀವು ಬರೋದು ಬಸ್‌ಸ್ಟ್ಯಾಂಡಿನಿಂದಲೇ ಕೇಳ್ತಾ ಇತ್ತು ಬಾವ. ವಿಮಾನ ಇಳೀತಾ ಇದೆ ಅಂತ ಪಕ್ಕದ ಮನೆ ಚೇಚಿ ಮಕ್ಕಳನ್ನ ಹೊರಗೆ ಕರ್ಕೊಂಡು ಬಂದ್ರು."

ರಾತ್ರಿ ಪುಟ್ಟು, ಕಡಲೆ ಪಲ್ಯ ಬಡಿಸುತ್ತಾ ಅವಳ ಮಾತು ತಗ್ಗಿತು. "ಈ ಸಲವೂ ಅವ್ವ ಹತ್ತದಿದ್ದರೆ ಡಾಕ್ಟರು ಬೇರೆ ದಿನ ಕೊಡೋಲ್ಲ. ಹೋದ ತಿಂಗಳು ನಾನು ಹೋದಾಗ ಕೈ ಮುಟ್ಟಿ ನೋಡಿ ಸರಸು ಅಂದ್ಲು. ಮುಖ ಕಾಣ್ಲಿಲ್ಲ ಅವಳಿಗೆ."

ಮರುದಿನ ಅವಳೂ ನನ್ನ ಜೊತೆ ಹೊರಟಳು. ಮಾನಂದವಾಡಿ ದಾಟಿ ಕಾಟಿಕುಳಂನಲ್ಲಿ ಚಹಾ ಕುಡಿದು ಕಾಡಿಗೆ ಇಳಿದೆವು. ಮಧ್ಯಾಹ್ನವಾದರೂ ಬಿದಿರ ಮೆಳೆಗಳ ಕೆಳಗೆ ರಸ್ತೆ ಒದ್ದೆಯಾಗಿಯೇ ಇತ್ತು. ಟೈರುಗಳು ಅಲುಗಾಡದೆ ಕಚ್ಚಿ ಹಿಡಿದವು. ಆ ಜರ್ಮನಿಯವನಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಬೇಗೂರಿನ ತಿರುವು, ಆಮೇಲೆ ಗದ್ದೆಬದಿಯ ಮಣ್ಣುದಾರಿ, ಕೊನೆಗೆ ಅಂಗಳ.

ಅತ್ತೆ ಜಗಲಿಯಲ್ಲಿರಲಿಲ್ಲ. ಒಳಗಿನಿಂದ ಬೆಲ್ಲದ ಕಾಪಿಯ ವಾಸನೆ ಬರುತ್ತಿತ್ತು. ಸರಸು ಅಡಿಗೆಮನೆಗೆ ಹೋಗಿ, ಒಲೆಯ ಪಕ್ಕ ತೊಳೆದಿಟ್ಟಿದ್ದ ಎರಡು ಲೋಟ ನೋಡಿ, "ನಾವು ಬರ್ತೀವಿ ಅಂತ ಹೇಳೇ ಇರಲಿಲ್ಲವಲ್ಲ ಅವ್ವ. ಯಾರಿಗೆ ಕಾಪಿ ಇಟ್ಟೆ?" ಎಂದಳು.

ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡರು. "ತಿರುವ್ನಲ್ಲಿ ಜೀಪಿನ ಥರ ಸದ್ದು ಬಂತು. ಕೈ ತನ್ನಷ್ಟಕ್ಕೆ ಒಲೆ ಹಚ್ತು." ಲೋಟಗಳನ್ನು ತಡವಿ ಎಣಿಸಿ, "ಮೂರನೇ ಲೋಟ ನಾಗೊಂದಿಗೆ ಮೇಲೈತೆ, ತಕೋ."

ಕಾಪಿ ಕುಡಿದ ಮೇಲೆ ನಾನು ಬಂದ ವಿಷಯ ಹೇಳಿದೆ. ಆಗುವುದಿಲ್ಲ ಎನ್ನಲಿಲ್ಲ ಅವರು. ಗೋಡೆ ಹಿಡಿದುಕೊಂಡು ಅಂಗಳಕ್ಕಿಳಿದು, ಕಾರಿನ ಮುಂದಿನ ಗಾಲಿಯ ಪಕ್ಕ ಕೂತು ಟೈರಿನ ಮೇಲೆ ಬೆರಳಾಡಿಸಿದರು. ಸಂದಿನಲ್ಲಿ ಬೆರಳು ಬಿಟ್ಟು ಅಂಚಿನ ತನಕ ಹೋದರು, ಮತ್ತೆ ಇನ್ನೊಂದು ಸಂದು.

"ಏನ್ಲಾ ಪುಟ್ರಾಜು, ಯಾರ್ಲಾ ಇದನ್ನ ಕೊಯ್ದೋರು?"

"ಮೆಷಿನ್ನಿನಲ್ಲಿ ಅಚ್ಚು ಹಾಕಿದ್ದು ಅತ್ತೆ. ಜರ್ಮನಿಯಲ್ಲಿ."

"ಜರ್ಮನೀಲಿ ಹೆಂಗಸ್ರಿಲ್ವಾ? ಒಂದ್ ಗೆರೆನೂ ಕೂಡಿಲ್ಲ. ಎಲ್ಲಾನೂ ಅಂಚಿಗ್ ತಂದು ಬಿಟ್ಬುಟ್ಟವ್ರೆ." ಎದ್ದು ಕೈ ಕೊಡವಿಕೊಂಡರು. "ಗೆರೆ ಕೂಡ್ದಿರೋ ಗಾಲೀಲಿ ನಾನು ಕೂರಾಕಿಲ್ಲ. ಒಂದು ಬಾಳೆಗೊನೆ ಕುಯ್ಸಿ ಮಡಗಿವ್ನಿ, ತಕಂಡೋಗು."

"ಅವ್ವಾ, ಅದು ಗಾಲಿ. ರಂಗೋಲಿ ಅಲ್ಲ." ಸರಸು ಜಗಲಿಯಿಂದ ಇಳಿದು ಬಂದಳು.

"ನಿಮ್ಮಪ್ಪಂಗೆ ಎರಡೂ ಬೇರೆ ಅಂತ ಯಾರೂ ಹೇಳ್ಲಿಲ್ಲ ಕಣೆ."

ಗೊನೆ ಹೊತ್ತು ಹೋಗುವ ಮೂರನೆಯ ಕಾರು ನನ್ನದೇ ಎಂದು ಅಲ್ಲಿಗೆ ಖಾತ್ರಿಯಾಯಿತು. ದಾರಿಯುದ್ದಕ್ಕೂ ನಾನು ಜಾರುವುದನ್ನು, ಪಂಕ್ಚರನ್ನು, ಆನೆಯನ್ನು, ಸುರಿಯದ ಹಿಮವನ್ನೂ ನೆನೆದು ಹೆದರಿದ್ದೆ. ಗೆರೆ ಕೂಡದಿರುವುದು ನನ್ನ ಚಿಂತೆಗಳ ಸಾಲಿನಲ್ಲಿ ಎಲ್ಲೂ ಇರಲಿಲ್ಲ. ಸುಮ್ಮನೆ ಗಾಲಿಯನ್ನೇ ನೋಡುತ್ತಾ ನಿಂತೆ. ಮಾವ ಜೀಪಿಗೆ ಜಾಕಿ ಕೊಟ್ಟು ಗಾಲಿ ಎತ್ತಿ ನಿಲ್ಲಿಸುತ್ತಿದ್ದದ್ದು ಆಗ ನೆನಪಾಯಿತು.

"ಜಾಕಿ ಹಾಕ್ತೀನಿ ಅತ್ತೆ," ಎಂದೆ. "ನೀನು ಕೂರುವ ಪಕ್ಕದ ಗಾಲಿಗೆ. ಗೆರೆ ಕೂಡಿಸಿಕೊಡು."

ಅತ್ತೆ ನನ್ನ ಧ್ವನಿ ಬಂದ ಕಡೆ ಮುಖ ತಿರುಗಿಸಿದರು.

"ನಂಗೆ ಕಾಣಾಕಿಲ್ಲವಲ್ಲ."

"ಮಾವ ಗಾಲಿ ತಿರುಗಿಸುತ್ತಿದ್ದರಲ್ಲ, ಹಾಗೆ ನಾನು ತಿರುಗಿಸುತ್ತೇನೆ."

ಅತ್ತೆ ಗೋಡೆ ಹಿಡಿದುಕೊಂಡು ಒಳಗೆ ಹೋದರು. ಆದರೆ ಸಂಜೆ ಅವರು ಅಕ್ಕಿ ನೆನೆಹಾಕಿದ್ದನ್ನು ಸರಸು ನೋಡಿದಳು. ಅದು ರೊಟ್ಟಿಗೋ ಗಾಲಿಗೋ ಎಂದು ಕೇಳುವ ಧೈರ್ಯ ಇಬ್ಬರಿಗೂ ಆಗಲಿಲ್ಲ.

ಬೆಳಗ್ಗೆ ಎದ್ದಾಗ ಗದ್ದೆಯ ಆಚೆ ಬದಿ ಮಂಜಿನಲ್ಲಿ ಮುಚ್ಚಿಹೋಗಿತ್ತು. ಅತ್ತೆ ಸ್ನಾನ ಮಾಡಿ, ತಲೆಗೆ ಟವೆಲು ಸುತ್ತಿ, ಹಿಟ್ಟಿನ ಬಟ್ಟಲು ಹಿಡಿದು ಗಾಲಿಯ ಮುಂದೆ ಮಣೆ ಹಾಕಿಕೊಂಡು ಕೂತಿದ್ದರು. "ಎಷ್ಟೊತ್ಲಾ ನಿದ್ದೆ? ನಿಮ್ಮಾವ ಇಷ್ಟೊತ್ಗೆ ತಿರುನೆಲ್ಲಿಗೆ ಹೋಗ್ ಬತ್ತಿದ್ರು."

ಜಾಕಿ ಕೊಟ್ಟು ಗಾಲಿ ಎತ್ತಿದೆ. ನಾನು ಮೆಲ್ಲಗೆ ತಿರುಗಿಸಿದೆ. ಅತ್ತೆಯ ಬೆರಳು ಟೈರಿನ ಮೇಲೆ ಅತ್ತ ಒಮ್ಮೆ ಇತ್ತ ಒಮ್ಮೆ ಓಲಾಡಿತು, ಗೆರೆ ತಾನಾಗಿ ಬಂತು. "ಬಿರ್ರನೆ ತಿರುಗಿಸ್ಬ್ಯಾಡ. ಎಲೆ ಹಾಕ್ಬೇಕು." ಆ ಎತ್ತರದ ತುಂಡುಗಳ ಮೇಲೆ ಗೆರೆ ಅಲ್ಲಲ್ಲಿ ತುಂಡಾಗುತ್ತಿತ್ತು, ಬೆರಳಿಗೆ ಅದು ತಿಳಿದು ಮತ್ತೆ ತೀಡುತ್ತಿದ್ದರು. ಒಂದು ಸುತ್ತು ಮುಗಿದಾಗ ಕೊನೆ ಮೊದಲಿನಿಂದ ನಾಲ್ಕು ಬೆರಳು ಪಕ್ಕಕ್ಕೆ ಬಂದಿತ್ತು. ಅತ್ತೆ ಎಡಗೈಯಿಂದ ತಡವಿ ಮೊದಲ ಗೆರೆಯ ಒದ್ದೆ ಹುಡುಕಿದರು. ಆ ನಾಲ್ಕು ಬೆರಳಿನ ಜಾಗಕ್ಕೆ ಒಂದು ಹೂ ಇಟ್ಟು, ಎರಡು ತುದಿಯನ್ನೂ ಅದರೊಳಗೆ ಸೇರಿಸಿದರು.

"ಈಗ ಇಳ್ಸು."

ಹೋಗಿ ಹೊಸ ಸೀರೆ ಉಟ್ಟು ಬಂದರು. ಸರಸು ಕೈ ಹಿಡಿಯಲು ಹೋದರೆ ಬಿಡಿಸಿಕೊಂಡು, ಬಾಗಿಲ ಅಂಚು ತಡವಿ ತಾವೇ ಹತ್ತಿ ಕೂತರು. ಬಾಳೆಗೊನೆ ಹಿಂದಿನ ಸೀಟಿನಲ್ಲಿ ಸರಸುವಿನ ಪಕ್ಕ ಕೂತಿತು.

ಅಂಗಳದಿಂದ ಮಣ್ಣುದಾರಿಗೆ ಇಳಿದಾಗ ಕನ್ನಡಿಯಲ್ಲಿ ನೋಡಿದೆ. ನೆಂದ ಕೆಂಪು ಮಣ್ಣಿನ ಮೇಲೆ, ಗಾಲಿ ಒಂದೊಂದು ಸುತ್ತು ತಿರುಗಿದಂತೆ, ಬಿಳಿ ಬಳ್ಳಿ ಬೀಳುತ್ತಾ ಬರುತ್ತಿತ್ತು. ಒಂದು ಹೂ, ಆಮೇಲೆ ಎಲೆಗಳು, ಮತ್ತೆ ಹೂ. ಎಲೆಯ ತುದಿಗಳು ಹೋಗುವ ಕಡೆಗಿದ್ದವೋ ಬರುವ ಕಡೆಗಿದ್ದವೋ, ಈಗಲೂ ನನಗೆ ಹೇಳಲಾಗಲಿಲ್ಲ. ಸ್ವಲ್ಪ ದೂರಕ್ಕೆ ಹೂ ಮಸುಕಾಯಿತು, ಆಮೇಲೆ ಬಳ್ಳಿ. ಗದ್ದೆಯ ಕೊನೆಗೆ ಬರಿಯ ಟೈರಿನ ಅಚ್ಚು ಉಳಿಯಿತು. ಡಾಂಬರಿಗೆ ಹತ್ತಿದೊಡನೆ ಟೈರಿನ ಜೇನುಹುಳಗಳು ಮತ್ತೆ ಎದ್ದವು. ಅತ್ತೆ ಬೆನ್ನು ಸೀಟಿಗೆ ಆನಿಸಿ ಕಣ್ಣು ಮುಚ್ಚಿಕೊಂಡರು.

ತೋಲ್ಪೆಟ್ಟಿಯ ಅರಣ್ಯ ಗೇಟಿನಲ್ಲಿ ಕಂಬ ಎತ್ತುವವರೆಗೆ ಕಾಯುತ್ತಿದ್ದಾಗ ಕೇಳಿದರು. "ಬಳ್ಳಿ ಇನ್ನೂ ಬೀಳ್ತಾ ಐತೇನ್ಲಾ?"

ಸರಸು ಹಿಂದಿನಿಂದ ನನ್ನ ಭುಜ ಮುಟ್ಟಿದಳು. "ಬೀಳ್ತಾ ಇದೆ ಅತ್ತೆ," ಎಂದೆ.

"ಸುಳ್ಳು. ಬರೀ ಅಕ್ಕಿಹಿಟ್ಟು ನಮ್ಮ ಗದ್ದೆ ದಾಟಾಕಿಲ್ಲ. ನಿಮ್ಮಾವನೂ ಹಿಂಗೇ ಹೇಳೋರು, ಮಾನಂದವಾಡಿ ಗಂಟ ಬಿತ್ತು ಕಣೆ ನಂಜಿ ಅಂತ." ಕಂಬ ಮೇಲೆದ್ದಿತು. "ವಾಪಸ್ ಬರುವಾಗ ಇದೇ ದಾರೀಲಿ ಕರ್ಕಂಬಾ. ಎಲ್ಲಿ ಗಂಟ ಬಿದ್ದಿತ್ತು ಅಂತ ನಾನೇ ನೋಡ್ತೀನಿ."

ಕುಟ್ಟ, ಗೋಣಿಕೊಪ್ಪ, ಹುಣಸೂರು. ಮೈಸೂರಿನವರೆಗೆ ಟೈರು, ಬ್ರೇಕು, ಇಂಜಿನ್ನು ಯಾವುದರ ಚಿಂತೆಯೂ ನನಗೆ ಬರಲಿಲ್ಲ. ಆಪರೇಷನ್ನು, ಕಟ್ಟು, ಮನೆಯಲ್ಲಿ ಒಂದಿಷ್ಟು ದಿನದ ಆರೈಕೆ, ಅಷ್ಟೆಲ್ಲ ಕಳೆದು ನಾವು ಬೇಗೂರಿಗೆ ಹಿಂತಿರುಗುವ ತನಕ ಗದ್ದೆಬದಿಯ ಇರುವೆಗಳು ಆ ಹಿಟ್ಟನ್ನು ಬಿಟ್ಟಿರುತ್ತವೆಯೇ ಎಂಬುದೊಂದೇ ಕೊರೆಯುತ್ತಿತ್ತು.